ಕಂಡಕ್ಟರ್ ಮಾವನ ಅಪ್ಪೆಮೆಣಸು

೧೯೯೯, ಜುಲೈ ೪, ಬೆಳಿಗ್ಗೆ ಆರೂವರೆ. ಮಹಡಿಯ ಕೋಣೆಯ ಬಾಗಿಲು ತೆಗೆದಾಗ ಮೊದಲು ಕಂಡದ್ದು ಒಂದು ಮೂಗು. ಉದ್ದ ಮೂಗು, ತುದಿ ಕೆಂಪಾಗಿತ್ತು. ಅದರ ಕೆಳಗೆ ಎರಡು ಬೆರಳ ನಡುವೆ ಮುರಿದು ಹಿಡಿದ ಹಸಿಮೆಣಸು. ಮೂಗಿನ ಯಜಮಾನರು ಕಣ್ಣು ಮುಚ್ಚಿ ನಿಂತಿದ್ದರು. ಮುಚ್ಚಿದ ಕಣ್ಣುಗಳಿಂದ ನೀರು ಇಳಿಯುತ್ತಿತ್ತು. ಬಲಗಿವಿಯ ಹಿಂದೆ ಮೋಟು ಪೆನ್ಸಿಲು.

"ಇದೂ ಅಲ್ಲ" ಎಂದರು ಮೆಣಸಿಗೆ. ಆಮೇಲೆ ಪಂಚೆಯ ತುದಿಯಿಂದ ಕಣ್ಣೊರೆಸಿಕೊಂಡು ನನ್ನ ಕಡೆ ತಿರುಗಿದರು. "ಎದ್ಯನೆ ಕೂಸೆ? ನಿದ್ದೆ ಬಂತಾ?"

ಬಿ.ಎಸ್ಸಿ. ಓದಲು ಸಿದ್ದಾಪುರದಿಂದ ಶಿರಸಿಗೆ ಬಂದು, ಆ ಮನೆಯ ಮಹಡಿಯ ಕೋಣೆಯನ್ನು ಬಾಡಿಗೆಗೆ ಹಿಡಿದ ಮರುದಿನ ಅದು. ಅವರು ನಿವೃತ್ತ ಬಸ್ ಕಂಡಕ್ಟರ್. ಬೀದಿಯವರೆಲ್ಲ ಕರೆಯುವಂತೆ ನಾನೂ ಕಂಡಕ್ಟರ್ ಮಾವ ಎಂದೆ. ಅವರ ಹೆಂಡತಿ ನನಗೆ ಅತ್ತೆಯಾದರು. ಅವರಿಗೆ ನಾನು ಕೂಸು, ಎಂದರೆ ಆ ಕಡೆಯ ಮಾತಿನಲ್ಲಿ ಹುಡುಗಿ. ಪೆನ್ಸಿಲಿಗೆ ಕೆಲಸ ಇಲ್ಲದಿದ್ದರೂ ಅದು ಕಿವಿ ಬಿಟ್ಟು ಇಳಿದಿರಲಿಲ್ಲ.

ನನ್ನ ಕೋಣೆಯ ಮುಂದಿನ ತಾರಸಿಗೆ ಅರ್ಧ ತಗಡಿನ ಮಾಡು. ಅದರ ಅಡಿಯಲ್ಲಿ ಎಣ್ಣೆ ಡಬ್ಬಿ, ಒಡೆದ ಬಕೆಟ್ಟು, ತೂತುಬಿದ್ದ ಪಾತ್ರೆ, ಎಲ್ಲದರಲ್ಲೂ ಮೆಣಸಿನ ಗಿಡ. ಒಂದೊಂದರ ಮೇಲೂ ಬಿಳಿ ಬಣ್ಣದಲ್ಲಿ ಊರಿನ ಹೆಸರು: ಹೆಗಡೆಕಟ್ಟಾ, ಕಾನಸೂರು, ಮಂಚಿಕೇರಿ. ಕೆಲಸದಲ್ಲಿದ್ದಾಗ ಪ್ರಯಾಣಿಕರ ಹತ್ತಿರ ಅವರು ಬೀಜ ಕೇಳುತ್ತಿದ್ದರಂತೆ. ಯಾರು ಯಾವ ಸ್ಟಾಪಿನಲ್ಲಿ ಇಳಿದು ಮರುದಿನ ಪೊಟ್ಟಣ ತಂದುಕೊಟ್ಟರೋ ಆ ಗಿಡಕ್ಕೆ ಆ ಸ್ಟಾಪಿನ ಹೆಸರು. ಹೀಗಾಗಿ ಆ ಮನೆಯಲ್ಲಿ ದಿನವೂ ವಿಚಿತ್ರ ಸುದ್ದಿ. "ಕಾನಸೂರು ಮುರುಟ್ತಾ ಇದ್ದು, ಹುಳಿಮಜ್ಜಿಗೆ ಚಿಮುಕ್ಸವು." "ಮಂಚಿಕೇರಿಗೆ ಅಕ್ಕಿ ತೊಳೆದ ನೀರು ಹಾಕಿದ್ಯ?" ಹೆಗಡೆಕಟ್ಟಾ ಒಣಗಿತು ಎಂದು ಕೇಳಿ ಮೊದಲ ವಾರ ನಾನು ನಿಜವಾಗಿಯೂ ಗಾಬರಿಯಾಗಿದ್ದೆ.

ತಾರಸಿಯ ಮೂಲೆಯಲ್ಲಿ ನೀರು ಹೋಗುವ ಕಡೆ ಅತ್ತೆಯ ರಾಜ್ಯ. ಒಂದೆಲಗ, ದೊಡ್ಡಪತ್ರೆ, ಮಜ್ಜಿಗೆಹುಲ್ಲು. "ಯನ್ನದು ತಂಬ್ಳಿಗೆ ಬತ್ತು, ಕಷಾಯಕ್ಕೆ ಬತ್ತು" ಎನ್ನುತ್ತಿದ್ದರು ಅತ್ತೆ. "ಇವ್ರ ಗಿಡ ಬರೀ ಮೂಗಿಗೆ."

ಅದು ನಿಜವಾಗಿತ್ತು. ಮಾವನ ಹೊಟ್ಟೆಯಲ್ಲಿ ಹುಣ್ಣು. ಡಾಕ್ಟರು ಮೆಣಸು ಮುಟ್ಟಬಾರದು ಎಂದು ಹೇಳಿ ವರ್ಷಗಳಾಗಿದ್ದವು. ತಿನ್ನಲಾಗದ ಮನುಷ್ಯ ಇಷ್ಟು ಮೆಣಸು ಯಾಕೆ ಬೆಳೆಯುತ್ತಾರೆ? ಆಗಿನ ಡೈರಿಯಲ್ಲಿ ಈ ಪ್ರಶ್ನೆ ಬರೆದು ಕೆಳಗೆ ಗೆರೆ ಎಳೆದಿದ್ದೇನೆ.

ಉತ್ತರ ಸಿಗಲು ಬಹಳ ದಿನ ಬೇಕಾಗಲಿಲ್ಲ. ಅವರು ಹುಡುಕುತ್ತಿದ್ದದ್ದು ಅಪ್ಪೆಮೆಣಸು. ಅವರ ತಾಯಿ ಹಿತ್ತಿಲಲ್ಲಿ ಬೆಳೆಯುತ್ತಿದ್ದ ಮೆಣಸು ಅದು. ಮುರಿದರೆ ಅಪ್ಪೆಮಿಡಿಯ, ಅಂದರೆ ಉಪ್ಪಿನಕಾಯಿಗೆ ಹಾಕುವ ಪರಿಮಳದ ಮಾವಿನಮಿಡಿಯ, ಸೊನೆಯ ವಾಸನೆ. "ಗಂಜಿ ಉಂಬಕಾದ್ರೆ ಆಯಿ ಒಂದೇ ಒಂದು ಹಾಕ್ತಿತ್ತು. ಬಟ್ಲೆಲ್ಲ ಘಮಘಮ" ಎನ್ನುತ್ತಿದ್ದರು. ಅವರಿಗೆ ಹತ್ತು ವರ್ಷ ತುಂಬುವ ಮೊದಲೇ ತಾಯಿ ತೀರಿಕೊಂಡಿದ್ದರು. ತಾಯಿಯ ಮುಖ ಸರಿಯಾಗಿ ನೆನಪಿಲ್ಲ, ಆ ಪರಿಮಳ ಮಾತ್ರ ಇದೆ ಎಂದು ಒಮ್ಮೆ ಹೇಳಿದರು. ಯಲ್ಲಾಪುರದ ಆಚೆ ಅವರು ಹುಟ್ಟಿದ ಮನೆಯ ಜಾಗ ಈಗ ಅಣೆಕಟ್ಟಿನ ಹಿನ್ನೀರಿನ ಅಡಿ. ಹೋಗಿ ಬೀಜ ತರೋಣ ಎಂದರೆ ಹಿತ್ತಿಲೇ ಇಲ್ಲ.

ಮೂಗಿಗೆ ಅನುಮಾನ ಬಂದಾಗ ನನ್ನ ನಾಲಿಗೆ ಬೇಕಾಗುತ್ತಿತ್ತು. ಮೊದಲ ಸಲ ಕಚ್ಚಿ, "ಖಾರ ಮಾವ" ಎಂದೆ.

"ಖಾರ ಹೇಳಿ ಯಂಗೂ ಗೊತ್ತಿದ್ದು. ಎಲ್ಲಿ ಹತ್ತಿತು, ಎಲ್ಲಿ ಇಳೀತು, ಹೇಳು."

"ಬಸ್ಸು ಅಂದ್ಕಂಡ್ರಾ?" ಎಂದು ಅತ್ತೆ ಕೆಳಗಿನಿಂದಲೇ ಕೇಳಿದರು.

ನಗು ಬಂದರೂ ನಾನು ಹಾಗೆಯೇ ಬರೆದುಕೊಳ್ಳತೊಡಗಿದೆ. ಕಾನಸೂರು: ನಾಲಿಗೆಯ ತುದಿಯಲ್ಲಿ ಹತ್ತಿ ಅಲ್ಲೇ ಇಳಿಯಿತು. ಮಂಚಿಕೇರಿ: ಹತ್ತಿದ್ದು ಗೊತ್ತಾಗಲಿಲ್ಲ, ಗಂಟಲು ಬರುವ ತನಕ ಇಳಿಯಲಿಲ್ಲ. ಖಾರ ಎಂಬ ಒಂದೇ ಮಾತಿನೊಳಗೆ ಇಷ್ಟೊಂದು ದಾರಿಗಳಿವೆ ಎಂದು ನನಗೆ ಗೊತ್ತಾದದ್ದು ಆ ತಾರಸಿಯಲ್ಲಿ. ಮಾವ ಕೇಳಿಸಿಕೊಂಡು, ತಲೆ ಅಲ್ಲಾಡಿಸಿ ಮುಂದಿನ ಡಬ್ಬಿಗೆ ಹೋಗುತ್ತಿದ್ದರು.

೨೦೦೧ರ ಮೇ ರಜೆಗೆ ನಾನು ಊರಿಗೆ ಹೊರಟಾಗ ಮಾವ ಒಂದು ಚೀಲ ಹಸಿಮೆಣಸು ಕೊಟ್ಟು, ಸಿದ್ದಾಪುರದಲ್ಲಿದ್ದ ತಮ್ಮ ಅಕ್ಕನಿಗೆ ಮುಟ್ಟಿಸಲು ಹೇಳಿದರು. ಅಕ್ಕ ಅವರಿಗಿಂತ ತುಂಬಾ ದೊಡ್ಡವರು. ತಾಯಿ ಹೋದ ಮೇಲೆ ಅವರನ್ನು ಬೆಳೆಸಿದವರು. ಚೀಲ ಬಿಚ್ಚುತ್ತ, "ಇಷ್ಟು ಮೆಣಸು ಎಂತಕ್ಕೆ ಬೆಳೀತ ಅಂವ?" ಎಂದು ಕೇಳಿದರು. ನಾನು ಅಪ್ಪೆಮೆಣಸಿನ ಗಿಡದ ಕತೆ ಹೇಳಿದೆ. ಅವರು ಗೋಡೆಗೆ ಒರಗಿ ಸದ್ದಿಲ್ಲದೆ ನಕ್ಕರು. ಹೊಟ್ಟೆ ಮಾತ್ರ ಕುಣಿಯುತ್ತಿತ್ತು.

"ಅದು ಗಿಡ ಅಲ್ಲ ಕೂಸೆ, ಭರಣಿ."

ಆಯಿ ಅಪ್ಪೆಮಿಡಿಗಳನ್ನು ಭರಣಿಯಲ್ಲಿ ಉಪ್ಪು ಹಾಕಿ ಇಡುತ್ತಿದ್ದರು. ಉಪ್ಪಿನಕಾಯಿ ಮಾಡಲು ಮಿಡಿ ತೆಗೆದ ಮೇಲೆ ಉಳಿಯುವ ನೀರನ್ನು ಚೆಲ್ಲದೆ, ಹಿತ್ತಿಲಿನ ಮೆಣಸನ್ನು ಅದರೊಳಗೆ ಹಾಕಿ ಬಾಯಿಗೆ ಬಟ್ಟೆ ಕಟ್ಟುತ್ತಿದ್ದರು. ಮಳೆಗಾಲ ಮುಗಿಯುವಷ್ಟರಲ್ಲಿ ಮಿಡಿಯ ಪರಿಮಳವೆಲ್ಲ ಮೆಣಸಿಗೆ. "ಮಕ್ಕೊ ಭರಣಿ ಮುಟ್ಟಲಾಗ, ಉಪ್ಪಿನಕಾಯಿ ಹಾಳಾಗ್ತು ಹೇಳಿ ಆಯಿ ಅವನ್ನ ಆ ಕೋಣೆಗೇ ಬಿಡ್ತಿತ್ತಿಲ್ಲೆ. ಅಂವಂಗೆ ಗೊತ್ತಿದ್ದದ್ದು ಬಟ್ಲಿಗೆ ಬಿದ್ದದ್ದು ಮಾತ್ರ."

ರಜೆ ಮುಗಿಯುವ ಮೊದಲೇ ನಾನು ಶಿರಸಿಗೆ ಹೋದೆ. ದಾರಿಯುದ್ದಕ್ಕೂ ಹೇಳುವುದೋ ಬಿಡುವುದೋ ಎಂಬ ಯೋಚನೆ. ಗಿಡವೇ ಇಲ್ಲ ಎಂದರೆ ಅವರ ಬೆಳಗಿಗೆ ಏನು ಉಳಿಯುತ್ತದೆ? ಆದರೆ ಅವರು ಬಾಗಿಲಲ್ಲೇ, "ಅಕ್ಕ ಎಂತ ಹೇಳ್ಚು?" ಎಂದು ಕೇಳಿದರು. ಹೇಳಿಬಿಟ್ಟೆ.

"ಅಕ್ಕಂಗೆ ವಯಸ್ಸಾತು. ಮರೆವು" ಎಂದರು ಮಾವ.

"ಅಕ್ಕಂಗೆ ವಯಸ್ಸಾತು, ನಿಂಗ್ಳಿಗೆ ಮಾತ್ರ ಇನ್ನೂ ಮೀಸೆ ಬಂಜಿಲ್ಲೆ ನೋಡಿ" ಎಂದರು ಅತ್ತೆ. "ನಮ್ಮನೆ ಭರಣಿಲೂ ಮಿಡಿ ನೀರು ಇದ್ದು. ಹಾಕಿ ನೋಡನ."

ಎರಡು ದಿನ ಮಾವ ತಾರಸಿಗೆ ಬರಲಿಲ್ಲ. ಗಿಡಗಳಿಗೆ ನಾನೇ ನೀರು ಹಾಕಿದೆ. ಮೂರನೆಯ ದಿನ ಬಂದು ಪ್ರತಿ ಡಬ್ಬಿಯಿಂದಲೂ ಒಂದಿಷ್ಟು ಮೆಣಸು ಕಿತ್ತು, ಕೆಳಗೆ ಒಯ್ದು ಅತ್ತೆಯ ಮುಂದೆ ಇಟ್ಟರು. ಅತ್ತೆ ಎಲ್ಲವನ್ನೂ ಒಟ್ಟಿಗೆ ಭರಣಿಗೆ ಹಾಕಿದರು.

ಮಳೆಗಾಲದಲ್ಲಿ ಅದರ ಸುದ್ದಿ ಯಾರೂ ಎತ್ತಲಿಲ್ಲ. ಅಕ್ಟೋಬರಿನಲ್ಲಿ, ಒಂದು ಬಿಸಿಲಿನ ಬೆಳಿಗ್ಗೆ ಗಂಜಿ ಬಡಿಸಿ ಅತ್ತೆ ಬಟ್ಟೆ ಬಿಚ್ಚಿದರು. ಪರಿಮಳ ನನ್ನ ತನಕ ಬಂತು. ಮಾವ ಒಂದು ಮೆಣಸನ್ನು ಮೂಗಿನ ಹತ್ತಿರ ಹಿಡಿದು ಕಣ್ಣು ಮುಚ್ಚಿದರು. ಉಪ್ಪಿನಲ್ಲಿ ನೆನೆದ ಮೆಣಸು, ಕಣ್ಣಿಗೆ ಹತ್ತುವಂಥದ್ದಲ್ಲ. ಆದರೂ ನೀರು ಇಳಿಯಿತು. ಆಮೇಲೆ ಅದನ್ನು ಇಡಿಯಾಗಿ ಬಾಯಿಗೆ ಹಾಕಿಕೊಂಡರು. ಅತ್ತೆ ತಡೆಯಲು ಚಾಚಿದ ಕೈ ಅರ್ಧದಲ್ಲೇ ನಿಂತಿತು.

"ಇದೇಯ" ಎಂದರು. ಗಂಜಿ ಮುಗಿಸಿ, "ಭರಣಿ ಮುಟ್ಟಿದ್ರೆ ಆಯಿ ಎಂತ ಮಾಡ್ತಿತ್ತೇನ" ಎಂದರು.

ಸಂಜೆ ಅವರು ತಾರಸಿಯಲ್ಲಿ ಡಬ್ಬಿಗಳನ್ನು ನೋಡುತ್ತ ನಿಂತಿದ್ದರು. "ಪಾಪ, ಇವೆಲ್ಲ ತಪ್ಪು ಬಸ್ಸು ಹತ್ತಿದ್ದ" ಎಂದರು. ಅಲ್ಲಿಗೆ ಮುಗಿಯಿತು ಎಂದುಕೊಂಡೆ. ಮರುದಿನ ಆರೂವರೆಗೆ ಬಾಗಿಲು ತಟ್ಟಿದ ಸದ್ದು. ಒಂದು ಕೈಯಲ್ಲಿ ನೀರಿನ ತಂಬಿಗೆ, ಇನ್ನೊಂದು ನೋಯುವ ಹೊಟ್ಟೆಯ ಮೇಲೆ.

"ಕೂಸೆ, ನಿನ್ನೆ ತಿಂದಿದ್ದು ಯಾವ ಸ್ಟಾಪಿಂದು?"

ಯಾರಿಗೂ ಗೊತ್ತಿರಲಿಲ್ಲ, ಭರಣಿಯಲ್ಲಿ ಎಲ್ಲ ಕಲೆತುಹೋಗಿದ್ದವು. ಉಳಿದವನ್ನು ನಾನು ತಿಂದು ನೋಡಿದೆ. ಪರಿಮಳ ಎಲ್ಲದಕ್ಕೂ ಇತ್ತು, ಖಾರದ ದಾರಿ ಮಾತ್ರ ಬೇರೆ ಬೇರೆ. ಹಾಗಾದರೆ ಆಯಿಯ ಹಿತ್ತಿಲಿನಲ್ಲಿ ಇದ್ದದ್ದು ಯಾವುದು? ಮಾವ ಮತ್ತೆ ಹುರುಪಾದರು. ಮರುವರ್ಷ ಬೇಸಿಗೆಯ ಕೊನೆಗೆ ಒಂದೊಂದು ಸ್ಟಾಪಿಗೆ ಒಂದೊಂದು ಗಾಜಿನ ಬಾಟಲಿ, ಕಿವಿಯ ಪೆನ್ಸಿಲಿನಲ್ಲಿ ಬರೆದ ಚೀಟಿ.

ಆ ಬಾಟಲಿಗಳನ್ನು ತೆರೆಯುವ ಮೊದಲೇ, ೨೦೦೨ರ ಆಗಸ್ಟಿನಲ್ಲಿ, ಮಧ್ಯಾಹ್ನ ಮಲಗಿದ ಮಾವ ಏಳಲಿಲ್ಲ. ನಾನು ಆಗ ಯಲ್ಲಾಪುರದಲ್ಲಿ ಕೆಲಸಕ್ಕೆ ಸೇರಿದ್ದೆ. ಅಕ್ಟೋಬರಿನಲ್ಲಿ ಹೋಗಿ ಅತ್ತೆಯ ಜೊತೆ ಕೂತು ಒಂದೊಂದೇ ಬಾಟಲಿ ತೆರೆದೆ. ಎಲ್ಲಿ ಹತ್ತಿತು, ಎಲ್ಲಿ ಇಳಿಯಿತು ಎಂದು ಎಲ್ಲವನ್ನೂ ಬರೆದಿದ್ದೇನೆ. ಅವುಗಳಲ್ಲಿ ಆಯಿಯ ಮೆಣಸು ಯಾವುದು ಎಂದು ಹೇಳಬೇಕಾದವರು ಇರಲಿಲ್ಲ.

ಗಿಡಗಳು ಈಗ ಯಲ್ಲಾಪುರದಲ್ಲಿ, ನನ್ನ ಬಾಡಿಗೆ ಮನೆಯ ಅಂಗಳದಲ್ಲಿವೆ. ಓದುವವರಲ್ಲಿ ಒಂದು ಕೋರಿಕೆ. ಅಪ್ಪೆಮಿಡಿಯ ನೀರಿನಲ್ಲಿ ಮೆಣಸು ಹಾಕಿಡುವ ರೂಢಿ ನಿಮ್ಮ ಮನೆಯಲ್ಲಿ ಇದ್ದರೆ, ಅದಕ್ಕೆ ಯಾವ ಮೆಣಸು ಹಾಕುತ್ತಿದ್ದರು ಎಂದು ಈ ಪತ್ರಿಕೆಗೆ ಬರೆಯಿರಿ. ಮುಳುಗಡೆಯ ಊರುಗಳಿಂದ ಎದ್ದು ಬರುವಾಗ ಹಿತ್ತಿಲಿನ ಬೀಜ ಸೆರಗಿನಲ್ಲಿ ಕಟ್ಟಿಕೊಂಡು ಬಂದವರಿದ್ದರೆ, ನಾಲ್ಕು ಬೀಜ ಕಾಗದದಲ್ಲಿ ಮಡಚಿ ಕಳಿಸಿ. ಪೊಟ್ಟಣದ ಮೇಲೆ ನೀವು ಇಳಿಯುತ್ತಿದ್ದ ಸ್ಟಾಪಿನ ಹೆಸರಿರಲಿ. ಹೆಸರು ಬರೆಯದ ಒಂದು ಡಬ್ಬಿಗೆ ಮಣ್ಣು ತುಂಬಿಸಿ ಇಟ್ಟಿದ್ದೇನೆ.