ಮಲವಗೊಪ್ಪದ ಬದನೆಕಾಯಿ

ಭದ್ರಾವತಿಗೆ ಹೊರಟ ನಾವು ನಾಲ್ವರು ಸ್ನೇಹಿತರು ದಾರಿಯಲ್ಲಿ ಮಲವಗೊಪ್ಪದಲ್ಲಿ ಇಳಿದೆವು. ಔಷಧಿ ಹೊಡೆಯದೆ ತರಕಾರಿ ಬೆಳೆಯುವ ರುದ್ರಪ್ಪನವರು ಊಟಕ್ಕೆ ಕರೆದಿದ್ದರು. ಬದನೆಕಾಯಿ ಪಲ್ಯ ಬಾಯಿಗಿಟ್ಟವನೇ ನಾನು, "ಈ ರುಚಿ ಮಾರ್ಕೆಟ್ ತರಕಾರಿಗೆ ಎಲ್ಲಿ ಬರ್ಬೇಕು?" ಎಂದೆ. ಬಡಿಸುತ್ತಿದ್ದ ಅವರ ಹೆಂಡತಿ ಗಿರಿಜಮ್ಮನ ಕೈ ಅಲ್ಲೇ ನಿಂತಿತು.

"ಅದು ಮಾರ್ಕೆಟ್ಟಿಂದೇ ಕಣ್ರೀ," ಎಂದರು ತಲೆ ತಗ್ಗಿಸಿ. "ನಮ್ಮವೆಲ್ಲ ತೂತು ಬಿದ್ದಿದ್ವು. ಅಂಥವನ್ನ ಕೊಟ್ರೆ ನಮ್ಮತ್ರ ಕೊಳ್ಳೋ ಶಿವಮೊಗ್ಗದೋರೇ ವಾಪಸ್ ಕೊಡ್ತಾರೆ. ನಿಮ್ಮ ಎಲೆಗೆ ಹೆಂಗೆ ಹಾಕ್ಲಿ ಅಂತ ಬೆಳಿಗ್ಗೆ ಪಕ್ಕದ್ಮನೆಯೋರ ಕೈಲಿ ತರಿಸ್ದೆ."

ರುದ್ರಪ್ಪನವರಿಗೂ ಇದು ಗೊತ್ತಿರಲಿಲ್ಲ. ಕಲಸಿದ ಅನ್ನ ಬಿಟ್ಟು ಹೆಂಡತಿಯತ್ತ ತಿರುಗಿದರು. ನಾನು ಹೊಗಳಿದ ಪಲ್ಯವನ್ನು ಎಲೆಯ ಅಂಚಿಗೆ ಸರಿಸಿ ಕೇಳಿದೆ:

"ನಿಮ್ಮ ಕಾಯಿ ಏನು ಮಾಡಿದ್ರಿ?"

"ಹುಳ ತೆಗೆದು, ನಮಗೆ ಅಂತ ಗೊಜ್ಜು ಮಾಡಿದೀನಿ."

ಅದನ್ನೇ ಬಡಿಸಿ ಎಂದೆ. ಅವರು ಗಂಡನ ಮುಖ ನೋಡಿದರು.

"ತಗೊಂಬಾ ಮಾರಾಯ್ತಿ," ಎಂದರು ರುದ್ರಪ್ಪ, "ಇನ್ನೇನು ಮುಚ್ಚಿಡೋದು."

ಗೊಜ್ಜು ಬಂತು. ನಾವೆಲ್ಲ ಅದನ್ನೇ ಹಾಕಿಸಿಕೊಂಡು ಉಂಡೆವು. ಊಟ ಮುಗಿಯುವವರೆಗೂ ಗಿರಿಜಮ್ಮ ಸೌಟು ಹಿಡಿದು, ನಮ್ಮ ಎಲೆಗಳಲ್ಲಿ ಎಲ್ಲಾದರೂ ಹುಳ ಉಳಿದಿದೆಯೇ ಎಂದು ಬಗ್ಗಿ ನೋಡುತ್ತ ನಿಂತಿದ್ದರು.