ಡೆಫಿನೆಟ್ಲಿಯ ಮೂಲವ್ಯಾಧಿ

ನಮ್ಮ ಬೀದಿಯ ನಲ್ಲಿ ರಿಪೇರಿಯವನಿಗೆ ಹೆತ್ತವರು ಇಟ್ಟ ಹೆಸರು ಯಾರಿಗೂ ನೆನಪಿಲ್ಲ. ಎಲ್ಲರ ಬಾಯಲ್ಲೂ ಅವನು ಡೆಫಿನೆಟ್ಲಿ. ಯಾವಾಗ ಬರ್ತೀಯಪ್ಪ ಎಂದರೆ ಎದೆ ಮುಟ್ಟಿಕೊಂಡು ಆ ಒಂದೇ ಪದ ಹೇಳುತ್ತಿದ್ದ, ಹೇಳಿದ ಮೇಲೆ ಬರುತ್ತಿರಲಿಲ್ಲ. ಹೀಗೆ ಹಾವೂ ಸಾಯದಂತೆ, ಕೋಲೂ ಮುರಿಯದಂತೆ ಬದುಕಿದ ಮಹಾನುಭಾವ.

ಒಮ್ಮೆ ನಮ್ಮ ಅತ್ತಿಗೆಯ ಬಚ್ಚಲು ಕಟ್ಟಿಕೊಂಡು ಕೂದಲು, ಸೋಪಿನ ಜಿಡ್ಡು, ಹಳಸಿದ ಎಂಜಲು ಗುಳುಗುಳು ಎನ್ನುತ್ತ ಮೇಲೆದ್ದು ಬಂದವು. ಮನೆಮಂದಿಯೆಲ್ಲ ಸ್ನಾನ ಬಿಟ್ಟರು. ಅವನಿಗಾಗಿ ಕಾದು ಸಾಕಾದ ಅತ್ತಿಗೆ ಆ ಪದಕ್ಕೆ ಅರ್ಥವಾದರೂ ಇದೆಯೇ ಎಂದು ನಿಘಂಟು ತೆಗೆದಳು. ಪದದ ಬೇರು ಲ್ಯಾಟಿನ್ನಿನದು, ಅದರ ಅರ್ಥ ಗಡಿ, ಕೊನೆ. ಗಡಿ ಗುರುತಿಸಿದಷ್ಟು ಖಚಿತ ಎಂಬುದೇ ಡೆಫಿನೆಟ್ಲಿ. ನಮ್ಮ ವೀರನ ಬಾಯಲ್ಲಿ ಅದಕ್ಕೆ ಗಡಿಯೂ ಇಲ್ಲ, ಕೊನೆಯೂ ಇಲ್ಲ, ಬರೀ ನಾತ.

ಅವನನ್ನು ಅಂಗಡಿಯಿಂದಲೇ ಎಳೆದು ತಂದು ಬಚ್ಚಲ ಬಾಗಿಲಲ್ಲಿ ನಿಲ್ಲಿಸಿದಳು.

"ಕೈ ಹಾಕ್ತೀಯೋ ಇಲ್ವೋ? ಆ ಪದ ಬಿಟ್ಟು ಬೇರೆ ಏನಾದ್ರೂ ಹೇಳು."

ಅವನು ಒಳಗೊಮ್ಮೆ ಇಣುಕಿ ಮೂಗು ಮುಚ್ಚಿಕೊಂಡ.

"ಆಗಲ್ಲ ಅಕ್ಕಾ," ಎಂದ. "ಕೊಳಕು ಕಂಡ್ರೆ ನಂಗೆ ವಾಂತಿ ಬರುತ್ತೆ. ಹೊಸ ನಲ್ಲಿ ಹಾಕೋದಷ್ಟೇ ನನ್ ಕೆಲಸ."

"ಥೂ, ಇದನ್ನ ಮೊದ್ಲೇ ಬೊಗಳೋಕೇನಾಗಿತ್ತು?"

ಅತ್ತಿಗೆ ತೋಳೇರಿಸಿ, ಮುಖ ತಿರುಗಿಸಿ, ಬಚ್ಚಲ ತೂತಿಗೆ ಮೊಣಕೈವರೆಗೂ ಕೈ ತೂರಿಸಿದಳು. ಸತ್ತ ಇಲಿಯಂಥ ಕೂದಲ ಮುದ್ದೆಯೊಂದು ಈಚೆ ಬಂತು, ನೀರು ಗಟಗಟ ಇಳಿಯಿತು.

"ಬಕೆಟ್ಟಾದ್ರೂ ಹಿಡ್ಕೋತೀಯಾ?"

"ಡೆಫಿನೆಟ್ಲಿ," ಎಂಬ ದನಿ ಗೇಟಿನ ಆಚೆಯಿಂದ ಕೇಳಿಸಿತು.