ಯುಗಾಂಡಾಕ್ಕೆ ಹೋಗುವ ಮೊದಲು ಮುಂಡರಗಿಗೆ

ಯುಗಾಂಡಾಕ್ಕೆ ಹೋಗುವ ಮೊದಲು ನಾನು ಲಕ್ಷ್ಮೇಶ್ವರಕ್ಕೆ ಹೋದೆ. ನಗಬೇಡಿ. ನಮ್ಮವ್ವನ ಲೆಕ್ಕದಲ್ಲಿ ಎರಡೂ ಪರದೇಶವೇ. ಮೊನ್ನೆಮೊನ್ನೆಯವರೆಗೆ ಲಕ್ಷ್ಮೇಶ್ವರ ಮಿರಜ ಸಂಸ್ಥಾನದ್ದು, ಶಿರಹಟ್ಟಿ ಸಾಂಗಲಿಯದು, ನಮ್ಮ ಗದಗ-ಬೆಟಗೇರಿ ಇಂಗ್ಲಿಷರದು. ಈಗ ಎಲ್ಲವೂ ಮುಂಬಯಿ ಪ್ರಾಂತದ್ದು. ಏಕೀಕರಣವಾದರೆ ಇನ್ನೊಂದಕ್ಕೆ ಸೇರುತ್ತವೆಯಂತೆ. ಕುಳಿತಲ್ಲಿಯೇ ಇಷ್ಟು ದೇಶ ಸುತ್ತಿದವನಿಗೆ ಹಡಗು ಹತ್ತಲು ಹೆದರಿಕೆ ಏಕೆ ಎಂದು ನೀವು ಕೇಳಬಹುದು. ಹೆದರಿಕೆಯಲ್ಲ, ಗೊಂದಲ.

ನಾನು ಗದಗಿನ ಒಂದು ಹತ್ತಿ ಗಿರಣಿಯಲ್ಲಿ ಫಿಟ್ಟರ್. ಹಂಗಾಮು ಮುಗಿಯುವ ಹೊತ್ತಿಗೆ ಮುಂಬಯಿಯಿಂದ ಒಬ್ಬ ಮುನೀಮ ಬಂದ. ಅವನ ಸೇಠರಿಗೆ ಯುಗಾಂಡಾದಲ್ಲಿ ಹತ್ತಿ ಗಿರಣಿ ಇದೆಯಂತೆ, ಯಂತ್ರ ಬಲ್ಲ ಹುಡುಗರು ಬೇಕಂತೆ. ಮೂರು ವರ್ಷದ ಕರಾರು. "ಅರೇ ಭಾಯಿ, ಜಹಾಜಿನಾಗ ಕುಂಡ್ರು, ಮೊಂಬಾಸಾದಾಗ ಇಳಿ, ಅಲ್ಲಿಂದ ರೇಲ್ವೆ. ಮಜಾ!" ಎಂದ. ಸೋಮವಾರ ಸಹಿ ಮಾಡಿಸಿಕೊಳ್ಳಲು ಬರುತ್ತೇನೆಂದು ಹೇಳಿ ಹೋದ. ಆ "ಮಜಾ"ವನ್ನು ಅವನ ಹಾಗೆಯೇ ಮೂಗಿನಿಂದ ಹೇಳಿ ಇಡೀ ಗಿರಣಿಯನ್ನು ನಗಿಸಿದೆ. ರಾತ್ರಿ ಮಾತ್ರ ನಗು ಬರಲಿಲ್ಲ.

"ಅವ್ವಾ, ಅಲ್ಲಿಂದ ತಿರುಗಿ ಬರೋದು ಹ್ಯಾಂಗ?" ಎಂದು ಕೇಳಿದೆ.

"ಹೋಗೋಕಿಂತ ಮೊದಲ ಬರೋ ಮಾತು ಆಡ್ತಾರೇನಲೇ? ಬಿಡ್ತು ಅನ್ನು!" ಎಂದಳು. ನಾನು ಬಿಡ್ತು ಎಂದೆ. "ಪರದೇಶಕ್ಕ ಹೋಗಿ ಬಂದವರು ಮೂರು ಮಂದಿ ಅದಾರ. ಅವರನ್ನ ಕೇಳಿ ಬಾ."

ಮರುದಿನ ಕಟಕ ರೊಟ್ಟಿ, ಶೇಂಗಾ ಚಟ್ನಿಯ ಬುತ್ತಿ ಹಿಡಿದು ಹೊಸ್ತಿಲು ದಾಟಿದೆ. ಬಾಜೂಮನೆಯವಳು "ಎಲ್ಲಿಗೆ ಹೊಂಟೀಯೋ?" ಎಂದುಬಿಟ್ಟಳು. ಹೊರಟವನನ್ನು ಎಲ್ಲಿಗೆ ಎಂದು ಕೇಳಿದರೆ ಕೆಲಸ ಕೆಟ್ಟಂತೆಯೇ. ಅವ್ವ ಅವಳನ್ನು ದಿಟ್ಟಿಸಿ ನೋಡಿ, ನನ್ನನ್ನು ಒಳಗೆ ಕರೆದು, ಕೂಡಿಸಿ, ನೀರು ಕುಡಿಸಿ ಮತ್ತೆ ಕಳಿಸಿದಳು. ಇಷ್ಟರಲ್ಲಿ ಮೊದಲ ಬಸ್ಸು ಹೋಗಿತ್ತು.

ಎರಡನೆಯದು ಮುಳಗುಂದದಲ್ಲಿ ನಿಂತು ನಮಗಿಂತ ಹೆಚ್ಚು ನೀರು ಕುಡಿಯಿತು. ಇಪ್ಪತ್ತೈದು ಮೈಲಿಗೆ ಅರ್ಧ ದಿನ. ಲಕ್ಷ್ಮೇಶ್ವರದಲ್ಲಿ ಇಳಿದಾಗ ನನ್ನ ಹುಬ್ಬುಗಳೂ ಕೆಂಪು ಧೂಳಿನಿಂದ ತುಂಬಿದ್ದವು. ಅಲ್ಲಿಯ ನರಸಿಂಗರಾಯರು ಒಬ್ಬ ಸರದಾರರ ಕಾರಕೂನರಾಗಿ ವಿಲಾಯತಿ ಕಂಡು ಬಂದವರು. ಮಾತಿಗೊಮ್ಮೆ ಕಣ್ಣು ಮುಚ್ಚುತ್ತಿದ್ದರು.

"ಮೊದಲ ದರಬಾರದ ಮೊಹರು ಬೇಕಪಾ."

"ರಾಯರ, ದರಬಾರ ಹೋಗಿ ಎಷ್ಟು ದಿನ ಆತ್ರಿ!"

"ಹೋತು, ಖರೆ. ಆದ್ರ ಪದ್ಧತಿ ಹೋಗೂದಿಲ್ಲ." ಕಣ್ಣು ಮುಚ್ಚಿದರು. "ಉಣ್ಣೀ ಕೋಟು ತೊಗೊ. ಪಾಸ್‌ಪೋರ್ಟು ಮಾಲಕರ ಕೈಯಾಗ ಕೊಟ್ಟು ನಿಶ್ಚಿಂತ ಇರು. ನಂದು ಸರದಾರರ ಪೆಟಿಗ್ಯಾಗ ಇತ್ತು. ಅವರು ಹೊಂಟಾಗ ನಾನೂ ಹೊಂಟೆ."

ರಾತ್ರಿ ಅವರ ಪಡಸಾಲೆಯಲ್ಲಿ ಮಲಗಿದೆ. ಬೆಳಿಗ್ಗೆ ಅಡರಕಟ್ಟಿಯ ರೈತನೊಬ್ಬನ ಚಕ್ಕಡಿ ಶಿರಹಟ್ಟಿಗೆ ಹೊರಟಿತ್ತು, ಹತ್ತಿದೆ. ಅವನಿಗೆ ಕೊಡಲು ಹೋದ ಎರಡಾಣೆಯನ್ನು ಅವನು ಮುಟ್ಟಲಿಲ್ಲ. ರಾಯರ ಧ್ವನಿಯಲ್ಲಿ ಎತ್ತುಗಳಿಗೆ ದರಬಾರದ ಮೊಹರು ಕೇಳಿ ಅವನನ್ನು ನಗಿಸಿದ್ದೇ ಬಾಡಿಗೆಯಾಯಿತು.

ಶಿರಹಟ್ಟಿಯ ಹನಮಂತ ಕಾಕಾ ಫೌಜಿನಲ್ಲಿ ಬಸ್ರಾಕ್ಕೆ ಹೋಗಿದ್ದ ಹವಾಲ್ದಾರ. ಎದುರಿಗೆ ಕುಳಿತವನೊಡನೆಯೂ ಮೈದಾನದ ಆ ಕಡೆ ನಿಂತವನೊಡನೆ ಮಾತಾಡಿದಂತೆ ಕೂಗುತ್ತಿದ್ದ.

"ಉಣ್ಣೀ ಕೋಟು? ಬೆಂದು ಸಾಯ್ತಿ! ಪಾಸ್‌ಪೋರ್ಟು ಮಾಲಕಗ ಕೊಡತೀ? ಹುಚ್ಚಪ್ಯಾಲಿ! ಅಂಗಿ ಒಳಗ ಹೊಲಕೋ. ಜಳಕಕ್ಕೂ ಬಿಚ್ಚಬ್ಯಾಡ!"

"ತೊಯ್ಯೂದಿಲ್ಲೇನ್ರಿ ಕಾಕಾ?"

"ಹಂಗಾದ್ರ ಜಳಕ ಬಿಡು!"

ಕರಾರಿನ ಬಗ್ಗೆ ಕೇಳಿದೆ. "ಕರಾರು ಗಿರಾರು ನಮಗ ಗೊತ್ತಿಲ್ಲ. ಸರಕಾರ ಒಯ್ತು, ಸರಕಾರ ತಂತು" ಎಂದ. ಎರಡು ಊರು, ಎರಡು ಬುದ್ಧಿ. ಒಂದು ಕೈಯಲ್ಲಿ ಕೋಟು, ಇನ್ನೊಂದರಲ್ಲಿ ಸೂಜಿದಾರ ಹಿಡಿದು ಜಳಕವಿಲ್ಲದೆ ಮೊಂಬಾಸಾದಲ್ಲಿ ಇಳಿಯುವ ನನ್ನನ್ನೇ ನಾನು ಕಂಡೆ.

ಮೂರನೆಯ ದಿನ ಹತ್ತಿಕಾಳಿನ ಲಾರಿಯೊಂದು ಮುಂಡರಗಿಗೆ ಒಯ್ದಿತು. ಚೀಲಗಳ ಮೇಲೆ ಕುಳಿತವನಿಗೆ ಬಿಸಿಲು ಮೇಲಿನಿಂದಲೂ ಕಾವು ಕೆಳಗಿನಿಂದಲೂ ಹತ್ತಿತು. ಅಲ್ಲಿ ಈರಪ್ಪಣ್ಣ ಚಹಾದಂಗಡಿ ಇಟ್ಟಿದ್ದ. ಮೊಂಬಾಸಾದಲ್ಲಿ ಬಡಿಗತನ ಮಾಡಿ ಬಂದವನು. ಮಿರ್ಚಿ, ಮಂಡಕ್ಕಿ ಕೊಟ್ಟು ಕೂಡಿಸಿದ. ರಾಯರನ್ನೂ ಹವಾಲ್ದಾರನನ್ನೂ ಒಬ್ಬರಾದ ಮೇಲೊಬ್ಬರಂತೆ ಮಾಡಿ ತೋರಿಸಿದೆ. ಅಂಗಡಿಯೆಲ್ಲ ನಕ್ಕಿತು. ಈರಪ್ಪಣ್ಣನೂ ಕಣ್ಣೊರೆಸಿಕೊಂಡ.

"ಪಾಸ್‌ಪೋರ್ಟು ನಿನ್ನ ಹತ್ರ ಇರಲಿ, ಅದು ಖರೆ. ಹೊಲಿಯೋದು ಬ್ಯಾಡ. ಸಿಡುಬಿನ ದಾಕು, ಹಳದಿ ಜ್ವರದ ಸೂಜಿ ಎರಡೂ ಹಾಕಿಸ್ಕೊ, ಚೀಟಿ ಜೋಪಾನ ಇಡು. ಇಲ್ಲದಿದ್ರ ಬಂದರದಾಗ ಕೂಡಿ ಹಾಕ್ತಾರ. ಓದಿಸದ ಕಾಗದಕ್ಕ ಸಹಿ ಮಾಡಬ್ಯಾಡ." ಆಮೇಲೆ ಕೇಳಿದ: "ಬರೋ ಟಿಕೀಟು ಯಾರದು?"

"ಕೇಳಿಲ್ರಿ ಅಣ್ಣಾ. ಅಪಶಕುನ ಅಂತಾಳ ಅವ್ವ."

ಅವನು ಒಲೆಯ ಮೇಲಿನ ಹಾಲನ್ನು ಇಳಿಸಿದ. "ನಮ್ಮವ್ವನೂ ಹಂಗ ಅಂದಿದ್ದಳು. ಊರಿಗೆಲ್ಲಾ ಹೋಗಿ ಬರ್ತೀನಿ ಅಂದು ಹೋದೆ. ಕರಾರಿನಾಗ ಹೋಗೋ ಖರ್ಚಷ್ಟ ಇತ್ತು. ಎರಡು ವರ್ಷಕ್ಕ ಅಂತ ಹೋದಾಂವ ಆರು ವರ್ಷ ಕುಂತೆ. ಅಪ್ಪನ ಮಣ್ಣಿಗೆ ಬರಲಿಲ್ಲ."

ಇವನನ್ನು ಅಣಕಿಸಲು ನನಗೆ ಬರಲಿಲ್ಲ.

ಡಂಬಳದ ಮೇಲೆ ಹಾಯ್ದು ಬಸ್ಸು ಗದಗಿಗೆ ಬರುವತನಕ ತಲೆಯೊಳಗೆ ಮೂವರೂ ಜಗಳಾಡುತ್ತಿದ್ದರು. ಸೋಮವಾರ ಮುನೀಮ ಮನೆಗೆ ಬಂದ. ಟಿಕೀಟಿನ ಪ್ರಶ್ನೆಯನ್ನು ರಾಯರ ಗತ್ತಿನಲ್ಲಿ ಕೇಳಲೋ, ಹವಾಲ್ದಾರನ ಗಂಟಲಿನಲ್ಲಿ ಕೇಳಲೋ ಎಂದು ದಾರಿಯುದ್ದಕ್ಕೂ ತಾಲೀಮು ಮಾಡಿದ್ದೆ. ಬಾಯಿ ತೆರೆದಾಗ ನನ್ನದೇ ಧ್ವನಿ ಬಂತು, ತೀರ ಸಣ್ಣದು.

"ತಿರುಗಿ ಬರೋ ಟಿಕೀಟು ಯಾರು ಕೊಡ್ತಾರ್ರಿ?"

"ಅರೇ, ಶುಭ ಕೆಲಸದಾಗ ಹೋಗೋ ಮೊದಲ ಬರೋ ಮಾತು?" ಎಂದು ಮುನೀಮ ಅವ್ವನ ಕಡೆ ನೋಡಿದ.

ಬಾಗಿಲ ಮರೆಯಲ್ಲಿದ್ದ ಅವ್ವ ನನ್ನನ್ನೇ ನೋಡಿದಳು. ಮುಂಡರಗಿಯ ಸುದ್ದಿ ಅವಳಿಗೆ ಹೇಳಿದ್ದೆ. ಕೇಳಿ ಎದ್ದು ಒಳಗೆ ಹೋಗಿದ್ದಳು.

"ಒಲ್ಲೆ ಅಂದ್ರ ಇನ್ನೊಬ್ಬ ಸಿಗತಾನ" ಎಂದು ಮುನೀಮ ಕರಾರು ಮಡಚಿ, ಛತ್ರಿ ಎತ್ತಿಕೊಂಡು ಎದ್ದ. ನನ್ನ ಯುಗಾಂಡಾ ಹೊಸ್ತಿಲು ದಾಟುತ್ತಿತ್ತು. ಅವನು ಚಪ್ಪಲಿ ಮೆಟ್ಟಿದ.

"ಯಜಮಾನ್ರ," ಅವ್ವ ಹೊರಗೆ ಬಂದಳು. "ಎಲ್ಲಿಗೆ ಹೊಂಟ್ರಿ?"

ಮುನೀಮ ಒಂದು ಕಾಲು ಒಳಗೆ, ಒಂದು ಕಾಲು ಹೊರಗೆ ನಿಂತುಬಿಟ್ಟ. ವ್ಯಾಪಾರದವನು, ಸಂಜೆಯ ರೈಲಿಗೆ ಹೋಗುವವನು. ಅವನ ಸೀಮೆಯಲ್ಲಿಯೂ ಇದೇ ಪದ್ಧತಿ ಇದ್ದಿರಬೇಕು. ಅವ್ವನನ್ನು ನೋಡಿದ, ಬೀದಿಯನ್ನು ನೋಡಿದ, ಚಪ್ಪಲಿ ಬಿಚ್ಚಿ ಒಳಗೆ ಬಂದು ಕುಳಿತ. ಅವ್ವನ ಕೈಯಲ್ಲಿ ನೀರಿನ ತಂಬಿಗೆ ಆಗಲೇ ಸಿದ್ಧವಿತ್ತು.

"ಕುಡೀರಿ. ಕುಡದು, ನನ್ನ ಮಗ ತಿರುಗಿ ಬರೋ ಮಾತು ಕರಾರಿನಾಗ ಹಾಕ್ರಿ. ಆಮ್ಯಾಲ ಇಬ್ಬರೂ ಹೋಗೀರಂತ. ಎಲ್ಲಿಗೆ ಅಂತ ಯಾರೂ ಕೇಳೂದಿಲ್ಲ."

ಮುನೀಮ ನೀರು ಕುಡಿದ. ಬಹಳ ಹೊತ್ತು ಕುಡಿದ. ಆಮೇಲೆ ತಂಬಿಗೆ ಕೆಳಗಿಟ್ಟು, ಕಿಸೆಯಿಂದ ಪೆನ್ನು ತೆಗೆದ.